ಕಾರಿನ ವೈರಿಂಗ್‌ಗೆ ಯಾವ ಕ್ರಿಂಪಿಂಗ್ ಟೂಲ್, ಯಾವ ಸ್ಟ್ರಿಪ್ಪರ್? ಪದೇ ಪದೇ ಕೇಳುವ ಪ್ರಶ್ನೆಗಳು

ಫಾಗ್ ಲ್ಯಾಂಪ್ ಹಾಕಬೇಕು, ಹಾರ್ನಿಗೆ ರಿಲೇ ಕೊಡಬೇಕು, ಡ್ಯಾಶ್ ಕ್ಯಾಮೆರಾಗೆ ಫ್ಯೂಸ್ ಬಾಕ್ಸಿನಿಂದ ಲೈನ್ ತೆಗೆಯಬೇಕು. ಇಂಥ ಕೆಲಸ ಸ್ವಂತ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವುದೇ ಟೂಲ್ ಬಗ್ಗೆ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ನನ್ನ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ನೀವು ಬಳಸುವ ಟರ್ಮಿನಲ್ ಯಾವುದು ಅಂತ ಮೊದಲು ನೋಡಿ, ಟೂಲ್ ಆಮೇಲೆ. ಟರ್ಮಿನಲ್ ಅಂದರೆ ವೈರಿನ ತುದಿಗೆ ಹಾಕುವ ಲೋಹದ ತುಂಡು. ಅದನ್ನು ವೈರಿಗೆ ಒತ್ತಿ ಕೂರಿಸುವುದೇ ಕ್ರಿಂಪಿಂಗ್. ವೈರಿನ ಮೇಲಿನ ಇನ್ಸುಲೇಷನ್ ಸುಲಿಯುವ ಟೂಲ್ ಸ್ಟ್ರಿಪ್ಪರ್.

ವೈರ್ ತಿರುಚಿ ಟೇಪ್ ಸುತ್ತಿದರೆ ಸಾಲದಾ?

ಸಾಲದು. ಲೆಕ್ಕ ಹಾಕಿ ನೋಡಿ. ಎಚ್4 ಬಲ್ಬಿನ ಹೈ ಬೀಮ್ 60 ವ್ಯಾಟ್. ಎರಡು ಬಲ್ಬಿಗೆ 120 ವ್ಯಾಟ್. 12 ವೋಲ್ಟ್‌ನಲ್ಲಿ ಅದು 10 ಆಂಪ್ಸ್. ತಿರುಚಿದ ಜಾಯಿಂಟ್ ಸಡಿಲವಾಗಿ, ತುಕ್ಕು ಹಿಡಿದು, ಅಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಬಂದರೂ 1 ವೋಲ್ಟ್ ಅಲ್ಲೇ ಹೋಗುತ್ತದೆ. ಆ ಪುಟ್ಟ ಜಾಗದಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ಟೇಪ್ ಕರಗುವುದು, ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಕಂದು ಬಣ್ಣಕ್ಕೆ ತಿರುಗುವುದು ಹೀಗೇ.

ಬೆಳಕಿನ ನಷ್ಟ ಇನ್ನೂ ದೊಡ್ಡದು. ಹ್ಯಾಲೊಜನ್ ಬಲ್ಬಿಗೆ 1 ವೋಲ್ಟ್ ಕಡಿಮೆ ಸಿಕ್ಕಿದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕು ಹೋಗುತ್ತದೆ. ಎಷ್ಟೋ ಜನ ಬಲ್ಬ್ ಬದಲಾಯಿಸುತ್ತಲೇ ಇರುತ್ತಾರೆ. ತೊಂದರೆ ಇರುವುದು ಜಾಯಿಂಟಿನಲ್ಲಿ.

ಇನ್ನು ಟೇಪಿನ ಅಂಟು ಎಂಜಿನ್ ಬಿಸಿಗೆ ಮೆತ್ತಗಾಗುತ್ತದೆ. ಒಂದೆರಡು ಬೇಸಿಗೆ ಕಳೆದರೆ ಟೇಪ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಸೋಲ್ಡರ್ ಮಾಡಿದರೆ ಇನ್ನೂ ಗಟ್ಟಿ ಅಲ್ವಾ?

ಸರ್ಕ್ಯೂಟ್ ಬೋರ್ಡಿನಲ್ಲಿ ಹೌದು. ಅಲುಗಾಡುವ ಕಾರಿನಲ್ಲಿ ನಾನು ಕ್ರಿಂಪಿಂಗನ್ನೇ ಹೇಳುತ್ತೇನೆ. ಕರಗಿದ ಸೋಲ್ಡರ್ ತಾಮ್ರದ ಎಳೆಗಳ ನಡುವೆ ಹೀರಿಕೊಂಡು ಇನ್ಸುಲೇಷನ್ ಒಳಗೂ ಸ್ವಲ್ಪ ದೂರ ಹೋಗುತ್ತದೆ. ಅಷ್ಟು ಉದ್ದ ವೈರ್ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಅದು ಮುಗಿದು ಮೆತ್ತಗಿನ ವೈರ್ ಶುರುವಾಗುವ ಜಾಗದಲ್ಲೇ ಎಲ್ಲ ಅಲುಗಾಟ ಬಂದು ಬೀಳುತ್ತದೆ. ಎಳೆಗಳು ಅಲ್ಲೇ ಒಂದೊಂದಾಗಿ ತುಂಡಾಗುತ್ತವೆ. ಕಾರ್ಖಾನೆಯಿಂದ ಬಂದ ವೈರಿಂಗ್ ಬಿಚ್ಚಿ ನೋಡಿ, ಟರ್ಮಿನಲ್‌ಗಳೆಲ್ಲ ಕ್ರಿಂಪ್ ಮಾಡಿದವೇ.

ಎಳೆಗಳಿಗೆ ಮೊದಲು ಸೋಲ್ಡರ್ ಹಚ್ಚಿ ಆಮೇಲೆ ಕ್ರಿಂಪ್ ಮಾಡುವ ಅಭ್ಯಾಸವೂ ಕೆಲವರಿಗೆ ಇದೆ. ಅದನ್ನು ಬಿಡಿ. ಸೋಲ್ಡರ್ ಮೃದುವಾದ ಲೋಹ. ಒತ್ತಡದಲ್ಲಿ ನಿಧಾನವಾಗಿ ಜರುಗುತ್ತದೆ. ಬಿಗಿಯಾಗಿದ್ದ ಕ್ರಿಂಪ್ ದಿನ ಕಳೆದಂತೆ ಸಡಿಲವಾಗುತ್ತದೆ.

ಹಾಗಾದರೆ ಯಾವ ಕ್ರಿಂಪಿಂಗ್ ಟೂಲ್ ತಗೊಳ್ಳಲಿ?

ಇದಕ್ಕೆ ಉತ್ತರ ನಿಮ್ಮ ಟರ್ಮಿನಲ್‌ನಲ್ಲಿದೆ. ಕಾರಿನ ಕೆಲಸದಲ್ಲಿ ಮುಖ್ಯವಾಗಿ ಎರಡು ಜಾತಿ ಬರುತ್ತವೆ.

ಒಂದು, ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ತೋಳಿರುವವು. ಅಂಗಡಿಯಲ್ಲಿ ಇನ್ಸುಲೇಟೆಡ್ ಲಗ್ ಅಂತ ಕೇಳಿದರೆ ಕೊಡುತ್ತಾರೆ. ಬಣ್ಣ ಅಂದಕ್ಕಲ್ಲ, ವೈರಿನ ಅಳತೆಗೆ. ಕೆಂಪು 0.5ರಿಂದ 1.5 ಸ್ಕ್ವೇರ್ ಎಂಎಂ, ನೀಲಿ 1.5ರಿಂದ 2.5, ಹಳದಿ 4ರಿಂದ 6. ಇವಕ್ಕೆ ಬೇಕಾದ ಟೂಲ್‌ನ ಡೈ, ಅಂದರೆ ಟರ್ಮಿನಲ್ ಒತ್ತುವ ಬಾಯಿಯ ಅಚ್ಚು, ಮೊಟ್ಟೆಯಾಕಾರದ್ದು. ಡೈ ಪಕ್ಕದಲ್ಲೇ ಕೆಂಪು, ನೀಲಿ, ಹಳದಿ ಚುಕ್ಕೆ ಇರುತ್ತವೆ. ಬಣ್ಣಕ್ಕೆ ಬಣ್ಣ ಹೊಂದಿಸಿ ಒತ್ತಿದರೆ ಆಯಿತು.

ಇನ್ನೊಂದು, ಪ್ಲಾಸ್ಟಿಕ್ ಇಲ್ಲದ ಹಿತ್ತಾಳೆ ತಗಡಿನವು. ಹಿಂಭಾಗದಲ್ಲಿ ಎರಡು ಜೊತೆ ರೆಕ್ಕೆಗಳು ಮೇಲಕ್ಕೆ ಎದ್ದಿರುತ್ತವೆ. ಇವು ಓಪನ್ ಬ್ಯಾರೆಲ್ ಟರ್ಮಿನಲ್. ರಿಲೇ ಸಾಕೆಟ್, ಫ್ಯೂಸ್ ಬಾಕ್ಸ್, ಹೆಡ್‌ಲೈಟ್ ಕಪ್ಲರ್, ಕಾರಿನ ಹೆಚ್ಚಿನ ಎಲ್ಲ ಕಪ್ಲರ್‌ಗಳ ಒಳಗೆ ಇರುವುದು ಇವೇ. ಮುಂದಿನ ಜೊತೆ ರೆಕ್ಕೆ ತಾಮ್ರವನ್ನು ಹಿಡಿಯುತ್ತದೆ. ಹಿಂದಿನ ಜೊತೆ ಇನ್ಸುಲೇಷನ್ ಮೇಲೆ ಕೂತು, ವೈರ್ ಎಳೆದರೂ ಅಲುಗಿದರೂ ಅದರ ಭಾರ ತಾಮ್ರದ ಮೇಲೆ ಬೀಳದಂತೆ ತಡೆಯುತ್ತದೆ. ಸರಿಯಾದ ಡೈ ಈ ರೆಕ್ಕೆಗಳನ್ನು ಒಳಕ್ಕೆ ಸುರುಳಿ ಸುತ್ತಿಸಿ ಎಳೆಗಳ ಮಧ್ಯಕ್ಕೆ ಇಳಿಸುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಬಿ ಅಕ್ಷರ ಮಲಗಿದ ಹಾಗೆ ಕಾಣುತ್ತದೆ.

ಮೊಟ್ಟೆಯಾಕಾರದ ಡೈಯಲ್ಲಿ ಓಪನ್ ಬ್ಯಾರೆಲ್ ಒತ್ತಿದರೆ ರೆಕ್ಕೆಗಳು ಸುಮ್ನೆ ಚಪ್ಪಟೆಯಾಗಿ ಮಲಗುತ್ತವೆ. ನೋಡಲು ಆದಂತೆ ಇರುತ್ತದೆ, ಹಿಡಿತ ಇರುವುದಿಲ್ಲ. ಉಲ್ಟಾ ಮಾಡಿದರೂ ಅಷ್ಟೇ: ಓಪನ್ ಬ್ಯಾರೆಲ್ ಡೈ ಪ್ಲಾಸ್ಟಿಕ್ ತೋಳನ್ನು ಸೀಳಿ ಹಾಕುತ್ತದೆ.

ಕಾರಿಗೆ ಒಂದೇ ಟೂಲ್ ಕೊಳ್ಳುವುದಾದರೆ ಓಪನ್ ಬ್ಯಾರೆಲ್‌ನದ್ದನ್ನೇ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಕಂಪನಿ ಕಪ್ಲರ್‌ಗೆ ಹೊಂದುವ ಟರ್ಮಿನಲ್ ಸಿಕ್ಕಿದರೆ ಮೂಲ ವೈರಿಂಗ್ ಕತ್ತರಿಸದೆ ಕೆಲಸ ಮುಗಿಸಬಹುದು.

ಸ್ಟ್ರಿಪ್ಪರ್, ಕಟ್ಟರ್, ಕ್ರಿಂಪರ್ ಮೂರೂ ಇರುವ ಅಗ್ಗದ ಟೂಲ್ ನಡೆಯುತ್ತಾ?

ಕತ್ತರಿಸಲು ನಡೆಯುತ್ತದೆ. ತಗಡಿನಂಥ ಹಿಡಿ ಇರುವ ಈ ಟೂಲ್ ಕೆಲವು ಟರ್ಮಿನಲ್ ಡಬ್ಬಿಗಳ ಜೊತೆಗೇ ಬರುತ್ತದೆ. ಅದರ ಕ್ರಿಂಪ್ ಭಾಗ ಟರ್ಮಿನಲ್‌ನ ನಡುವೆ ಒಂದು ಗುಂಡಿ ಬೀಳಿಸುತ್ತದೆ, ಅಷ್ಟೇ. ಎಷ್ಟು ಒತ್ತಬೇಕು ಅನ್ನುವುದು ಪೂರ್ತಿ ನಿಮ್ಮ ಕೈಬಲಕ್ಕೆ ಬಿಟ್ಟದ್ದು. ಬಾನೆಟ್ ಕೆಳಗೆ ಬಗ್ಗಿಕೊಂಡು ಒಂದೇ ಕೈಯಲ್ಲಿ ಒತ್ತುವಾಗ ಬಲ ಸಮನಾಗಿ ಬರುವುದಿಲ್ಲ.

ರ‍್ಯಾಚೆಟ್ ಇದ್ದರೆ ಏನು ಲಾಭ?

ರ‍್ಯಾಚೆಟ್ ಟೂಲ್ ಪೂರ್ತಿ ಒತ್ತುವ ತನಕ ಬಾಯಿ ಬಿಡುವುದಿಲ್ಲ. ಅರ್ಧ ಒತ್ತಿ ಬಿಟ್ಟ ಕ್ರಿಂಪ್ ಆಗುವ ಸಾಧ್ಯತೆಯೇ ಇಲ್ಲ. ಮೊದಲನೆಯದೂ ಹತ್ತನೆಯದೂ ಒಂದೇ ಥರ ಬರುತ್ತವೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಟರ್ಮಿನಲ್ ವಾರೆಯಾಗಿ ಸಿಕ್ಕಿಕೊಂಡರೆ ಗಾಬರಿ ಬೇಡ. ಹಿಡಿಗಳ ನಡುವೆ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ತಳ್ಳಿದರೆ ಬಾಯಿ ತೆರೆಯುತ್ತದೆ. ಎಷ್ಟು ಬಿಗಿಯಾಗಿ ಒತ್ತಬೇಕು ಅಂತ ಹೊಂದಿಸುವ ಹಲ್ಲಿನ ಚಕ್ರವೂ ಅಲ್ಲೇ ಇರುತ್ತದೆ. ಒಂದೊಂದೇ ಹಲ್ಲು ತಿರುಗಿಸಿ, ಬೇಡದ ವೈರ್ ತುಂಡಿನ ಮೇಲೆ ಪರೀಕ್ಷೆ ಮಾಡಿ.

ಆನ್‌ಲೈನಿನಲ್ಲಿ ಎಸ್‌ಎನ್-28ಬಿ, ಎಸ್‌ಎನ್-48ಬಿ, ಎಚ್‌ಎಸ್‌ಸಿ8 ಅಂತೆಲ್ಲ ಇದೆ. ಯಾವುದು ನನ್ನದು?

ಎಸ್‌ಎನ್-48ಬಿ ಕಾರಿನ ಕೆಲಸಕ್ಕೆ ಹತ್ತಿರದ್ದು. 2.8, 4.8 ಮತ್ತು 6.3 ಎಂಎಂ ಅಗಲದ ಓಪನ್ ಬ್ಯಾರೆಲ್ ಟರ್ಮಿನಲ್‌ಗಳಿಗೆ ಮಾಡಿದ್ದು. ನಾಲ್ಕು ಅಥವಾ ಐದು ಕಾಲಿನ ಸಾಮಾನ್ಯ ರಿಲೇಯ ಕಾಲು 6.3 ಎಂಎಂ. ಎಸ್‌ಎನ್-28ಬಿ ಸಣ್ಣ ಪಿನ್ನುಗಳಿಗೆ. ಎಲೆಕ್ಟ್ರಾನಿಕ್ಸ್ ಹವ್ಯಾಸದವರು ಬಳಸುತ್ತಾರೆ.

ಎಚ್‌ಎಸ್‌ಸಿ8 ಅನ್ನುವುದು ಫೆರೂಲ್ (ಎಳೆಗಳ ತುದಿಗೆ ತೊಡಿಸುವ ಪುಟ್ಟ ಲೋಹದ ಕೊಳವೆ) ಒತ್ತುವ ಟೂಲ್. ಸ್ಕ್ರೂ ಹಾಕಿ ಬಿಗಿಯುವ ಪ್ಯಾನಲ್ ಬೋರ್ಡ್ ಕೆಲಸಕ್ಕೆ ಅದು ಚೆನ್ನ. ಕಾರಿನಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಆನ್‌ಲೈನ್ ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುವುದರಿಂದ ತಪ್ಪಾಗಿ ಇದನ್ನೇ ತರಿಸಿಕೊಳ್ಳುವವರು ಇದ್ದಾರೆ. ಹಿಡಿ ನೋಡಬೇಡಿ, ಡೈ ನೋಡಿ.

ಡೈ ಬದಲಾಯಿಸಬಹುದಾದ ಸೆಟ್ ಕೂಡ ಸಿಗುತ್ತದೆ. ಒಂದು ಹಿಡಿ, ನಾಲ್ಕೈದು ಡೈ. ಇನ್ಸುಲೇಟೆಡ್, ಓಪನ್ ಬ್ಯಾರೆಲ್ ಎರಡೂ ಬೇಕಾದವರಿಗೆ ಅದು ಒಳ್ಳೆಯ ದಾರಿ. ಕೊಳ್ಳುವಾಗ ಎರಡು ಡೈ ತುಟಿಗಳು ಸರಿಯಾಗಿ ಎದುರುಬದುರು ಕೂರುತ್ತವಾ ಅಂತ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಆಚೀಚೆ ಇದ್ದರೂ ರೆಕ್ಕೆ ಒಂದು ಕಡೆಗೆ ವಾಲುತ್ತದೆ.

ಬ್ರ್ಯಾಂಡ್ ಯಾವುದು?

ಜರ್ಮನಿಯ ಕ್ನಿಪೆಕ್ಸ್ ಒಂದು ಸಲ ಕೊಂಡರೆ ವರ್ಷಗಟ್ಟಲೆ ನೋಡಬೇಕಿಲ್ಲ, ಆದರೆ ಹಲವು ಸಾವಿರ ರೂಪಾಯಿ ಆಗುತ್ತದೆ. ಜಪಾನಿನ ಎಂಜಿನಿಯರ್ ಕಂಪನಿಯ ಪಿಎ-09 ಸಣ್ಣ ಪಿನ್ನುಗಳಿಗೆ ಹೆಸರಾದದ್ದು. ಅದಕ್ಕೆ ರ‍್ಯಾಚೆಟ್ ಇಲ್ಲ, ಮತ್ತು ಫಾಗ್ ಲ್ಯಾಂಪಿನಂಥ ದಪ್ಪ ವೈರಿಗೆ ಅದು ಆಗುವುದಿಲ್ಲ. ನಮ್ಮಲ್ಲೇ ಜೈನ್‌ಸನ್ ಕ್ರಿಂಪಿಂಗ್ ಟೂಲ್‌ಗಳು ಸಿಗುತ್ತವೆ. ಸ್ಟ್ರಿಪ್ಪರ್, ಕಟ್ಟರ್‌ಗಳಲ್ಲಿ ಟಪಾರಿಯಾ, ಮಲ್ಟಿಟೆಕ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ.

ವರ್ಷಕ್ಕೆ ನಾಲ್ಕೈದು ಸಲ ಕೆಲಸ ಮಾಡುವವರಿಗೆ ಸರಿಯಾದ ಡೈ ಇರುವ ಸಾಧಾರಣ ರ‍್ಯಾಚೆಟ್ ಟೂಲ್ ಸಾಕು. ತಪ್ಪು ಡೈ ಇರುವ ದುಬಾರಿ ಟೂಲ್‌ಗಿಂತ ಅದು ಎಷ್ಟೋ ಮೇಲು. ಉಳಿದ ದುಡ್ಡನ್ನು ಒಳ್ಳೆಯ ಟರ್ಮಿನಲ್‌ಗೆ ಹಾಕಿ. ತೆಳು ತಗಡಿನ ಟರ್ಮಿನಲ್ ಎಷ್ಟು ಚೆನ್ನಾಗಿ ಒತ್ತಿದರೂ ರಿಲೇ ಕಾಲಿನ ಮೇಲೆ ಸಡಿಲವಾಗಿಯೇ ಕೂರುತ್ತದೆ.

ಸ್ಟ್ರಿಪ್ಪರ್‌ನಲ್ಲಿ ಯಾವ ಥರದ್ದು ಒಳ್ಳೆಯದು?

ಮೂರು ಥರ ಸಿಗುತ್ತವೆ. ಮೊದಲನೆಯದು ಒಂದೇ ವಿ ಆಕಾರದ ಕಚ್ಚು, ಅದನ್ನು ಹೊಂದಿಸಲು ಒಂದು ಸ್ಕ್ರೂ. ಅಗ್ಗ. ಪ್ರತಿ ವೈರಿಗೂ ಸ್ಕ್ರೂ ತಿರುಗಿಸಬೇಕು, ಸ್ವಲ್ಪ ಜಾಸ್ತಿ ಬಿಗಿಯಾದರೆ ಎಳೆಗಳು ತುಂಡಾಗುತ್ತವೆ. ದಿನವೂ ಮಾಡುವ ಎಲೆಕ್ಟ್ರಿಷಿಯನ್ ಕೈಗೆ ಇದು ಸಲೀಸು. ಅಪರೂಪಕ್ಕೆ ಮಾಡುವವರಿಗೆ ನಾನು ಹೇಳುವುದಿಲ್ಲ.

ಎರಡನೆಯದು ಒಂದೊಂದು ಅಳತೆಗೆ ಒಂದೊಂದು ತೂತು ಇರುವಂಥದ್ದು. ವೈರಿನ ಅಳತೆ ಗೊತ್ತಿದ್ದರೆ ಇದು ತಪ್ಪುವುದೇ ಇಲ್ಲ. ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ.

ಮೂರನೆಯದು ತಾನೇ ಅಳತೆ ಹೊಂದಿಸಿಕೊಳ್ಳುವ ಆಟೋಮ್ಯಾಟಿಕ್ ಸ್ಟ್ರಿಪ್ಪರ್. ಒಂದು ದವಡೆ ವೈರನ್ನು ಹಿಡಿಯುತ್ತದೆ, ಇನ್ನೊಂದು ಇನ್ಸುಲೇಷನ್ ಕಚ್ಚಿ ಎಳೆಯುತ್ತದೆ. ಕ್ನಿಪೆಕ್ಸ್‌ನ 12 62 180 ಅನ್ನುವುದು 0.2ರಿಂದ 6 ಸ್ಕ್ವೇರ್ ಎಂಎಂ ತನಕ ಸುಲಿಯುತ್ತದೆ, ಕಾರಿನ ಹೆಚ್ಚುಕಡಿಮೆ ಎಲ್ಲ ವೈರ್ ಅದರೊಳಗೇ ಬಂತು. ಇದೇ ಮಾದರಿಯ ಅಗ್ಗದ ಟೂಲ್‌ಗಳೂ ಇವೆ. ಬಹಳಷ್ಟು ವೈರ್ ಸುಲಿಯಬೇಕಾದಾಗ ಇದರ ವೇಗಕ್ಕೆ ಸಾಟಿಯಿಲ್ಲ. ಆದರೆ ಈಗಿನ ಕಾರುಗಳ ವೈರಿನ ಮೇಲಿನ ಇನ್ಸುಲೇಷನ್ ತುಂಬಾ ತೆಳು, ಗಟ್ಟಿ. ಹೊಂದಿಸದೆ ಎಳೆದರೆ ಕೆಲವು ಟೂಲ್ ಜಾರುತ್ತವೆ, ಕೆಲವು ಎಳೆಗಳಿಗೇ ಗೀರು ಹಾಕುತ್ತವೆ. ಹಾಗಾಗಿ ಕಂಪನಿ ವೈರ್ ಮುಟ್ಟುವಾಗ ನಾನು ತೂತಿನ ಸ್ಟ್ರಿಪ್ಪರ್ ಹಿಡಿಯುತ್ತೇನೆ. ಹೊಸ ವೈರ್ ಎಳೆಯುವಾಗ ಆಟೋಮ್ಯಾಟಿಕ್.

ಹಲ್ಲಿನಲ್ಲೋ ಬ್ಲೇಡಿನಲ್ಲೋ ಸುಲಿದರೆ?

ಎರಡೂ ಬೇಡ. ಬ್ಲೇಡ್ ಗೀರಿದ ಎಳೆ ಅವತ್ತೇ ಮುರಿಯುವುದಿಲ್ಲ, ಕಾರು ಓಡಾಡಿ ಓಡಾಡಿ ಆಮೇಲೆ ಮುರಿಯುತ್ತದೆ. ಏಳೆಂಟು ಎಳೆ ಇರುವ ಸಣ್ಣ ವೈರಿನಲ್ಲಿ ಎರಡು ಎಳೆ ಹೋದರೆ ಕಾಲು ಭಾಗ ಹೋದ ಹಾಗೆ.

ಟೂಲ್ ಮೇಲೆ ಗೇಜ್ ನಂಬರ್ ಇದೆ, ವೈರ್ ಮೇಲೆ ಸ್ಕ್ವೇರ್ ಎಂಎಂ ಇದೆ. ಹೇಗೆ ಹೊಂದಿಸುವುದು?

ಅಮೆರಿಕದ ಗೇಜ್ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟು ವೈರ್ ಸಣ್ಣ. 20 ಗೇಜ್ ಅಂದರೆ ಹೆಚ್ಚುಕಡಿಮೆ 0.5 ಸ್ಕ್ವೇರ್ ಎಂಎಂ, 18 ಅಂದರೆ 0.8, 16 ಅಂದರೆ 1.3, 14 ಅಂದರೆ 2.1, 12 ಅಂದರೆ 3.3, 10 ಅಂದರೆ 5.3. ನಮ್ಮ 1.5 ಸ್ಕ್ವೇರ್ ವೈರ್ 16ಕ್ಕೂ 14ಕ್ಕೂ ನಡುವೆ ಬೀಳುತ್ತದೆ. ಅನುಮಾನ ಬಂದರೆ ದೊಡ್ಡ ತೂತಿನಿಂದ ಶುರು ಮಾಡಿ.

ಸ್ಟ್ರಿಪ್ಪರ್ ಮೇಲೆ ಎರಡು ಸಾಲು ನಂಬರ್ ಇದ್ದರೆ ಒಂದು ಒಂಟಿ ಕಂಬಿಯ ವೈರಿಗೆ, ಇನ್ನೊಂದು ಎಳೆಗಳ ವೈರಿಗೆ. ಕಾರಿನಲ್ಲಿ ಬರುವುದು ಎಳೆಗಳ ವೈರ್. ಅದರ ಸಾಲನ್ನೇ ನೋಡಿ.

ಎಷ್ಟು ಉದ್ದ ಸುಲಿಯಬೇಕು?

ಟರ್ಮಿನಲ್‌ನ ತಾಮ್ರ ಹಿಡಿಯುವ ಭಾಗ ಎಷ್ಟಿದೆಯೋ ಅಷ್ಟು, ಮೇಲೆ ಅರ್ಧದಿಂದ ಒಂದು ಎಂಎಂ. ಸುಲಿದ ಎಳೆಗಳನ್ನು ಮೆಲ್ಲಗೆ ಒಂದು ಸುತ್ತು ತಿರುಚಿದರೆ ಸಾಕು. ಟರ್ಮಿನಲ್ ದೊಡ್ಡದಾಯಿತು ಅಂತ ಎಳೆಗಳನ್ನು ಮಡಚಿ ತುಂಬಬೇಡಿ, ಅಳತೆಗೆ ಸರಿಯಾದ ಟರ್ಮಿನಲ್ ತನ್ನಿ.

ಕ್ರಿಂಪ್ ಸರಿಯಾಗಿ ಆಗಿದೆ ಅಂತ ಹೇಗೆ ತಿಳಿಯುವುದು?

ಮೊದಲು ಕಣ್ಣು. ಓಪನ್ ಬ್ಯಾರೆಲ್ ಆದರೆ ನಾಲ್ಕು ಗುರುತು ಹುಡುಕಿ. ತಾಮ್ರದ ಎಳೆಗಳ ತುದಿ ಮುಂದೆ ಸ್ವಲ್ಪ ಇಣುಕಿರಬೇಕು. ಎರಡು ಜೊತೆ ರೆಕ್ಕೆಗಳ ನಡುವಿನ ಸಂದಿಯಲ್ಲಿ ತಾಮ್ರವೂ ಇನ್ಸುಲೇಷನ್ನೂ ಎರಡೂ ಕಾಣಬೇಕು. ತಾಮ್ರದ ಕ್ರಿಂಪಿನ ಹಿಂದಿನ ಅಂಚು ಸ್ವಲ್ಪ ಗಂಟೆಯ ಬಾಯಿಯಂತೆ ಅರಳಿರಬೇಕು, ಇಲ್ಲದಿದ್ದರೆ ಆ ಚೂಪು ಅಂಚೇ ಎಳೆಗಳನ್ನು ಕೊಯ್ಯುತ್ತದೆ. ಹಿಂದಿನ ರೆಕ್ಕೆ ಇನ್ಸುಲೇಷನ್ನನ್ನು ಅಪ್ಪಿ ಹಿಡಿದಿರಬೇಕು, ಚುಚ್ಚಿರಬಾರದು. ಒಂದೇ ಒಂದು ಎಳೆ ಹೊರಗೆ ಉಳಿದಿದ್ದರೂ ಕತ್ತರಿಸಿ ಎಸೆದು ಇನ್ನೊಂದು ಮಾಡಿ. ಟರ್ಮಿನಲ್‌ನ ಬೆಲೆ ಅಷ್ಟೇನೂ ಇಲ್ಲ.

ಆಮೇಲೆ ಕೈ. ಟರ್ಮಿನಲ್ ಹಿಡಿದು ವೈರನ್ನು ಗಟ್ಟಿಯಾಗಿ ಎಳೆಯಿರಿ. ಅಮೆರಿಕದ ಯುಎಲ್ ಮಾನದಂಡದ ಪ್ರಕಾರ 18 ಗೇಜ್ ವೈರಿನ ಕ್ರಿಂಪ್ ಸುಮಾರು 9 ಕಿಲೋ, 14 ಗೇಜಿನದ್ದು ಸುಮಾರು 23 ಕಿಲೋ ಎಳೆತ ತಡೆಯಬೇಕು. ಬೆರಳಲ್ಲಿ ಎಳೆದರೇ ಕಿತ್ತು ಬರುವ ಕ್ರಿಂಪ್ ಅದರ ಹತ್ತಿರಕ್ಕೂ ಬರುವುದಿಲ್ಲ. ಹೊಸ ಟೂಲ್ ತಂದಾಗ ಒಂದು ತುಂಡು ವೈರಿಗೆ ಟರ್ಮಿನಲ್ ಹಾಕಿ, ನೀರು ತುಂಬಿದ ಬಕೆಟ್ ನೇತುಹಾಕಿ ನೋಡಿ. ಒಂದು ಲೀಟರ್ ನೀರು ಒಂದು ಕಿಲೋ, ಲೆಕ್ಕ ಸುಲಭ.

ಕೊನೆಗೆ ಮಲ್ಟಿಮೀಟರ್. ಲೈಟ್ ಹಾಕಿ, ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಒಂದು ಮೊನೆ ಟರ್ಮಿನಲ್ ಮೇಲೆ, ಇನ್ನೊಂದನ್ನು ಕ್ರಿಂಪಿನ ಹಿಂದೆ ತಾಮ್ರ ಇಣುಕುವ ಸಂದಿಗೆ ತಾಗಿಸಿ. 10 ಆಂಪ್ಸ್ ಹರಿಯುವಾಗ ಒಳ್ಳೆಯ ಕ್ರಿಂಪ್ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. 50 ದಾಟಿದರೆ ನಾನು ಕತ್ತರಿಸಿ ಮತ್ತೆ ಮಾಡುತ್ತೇನೆ. ಓಮ್ಸ್‌ನಲ್ಲಿ ಇಟ್ಟು ಅಳೆದರೆ ಪ್ರಯೋಜನವಿಲ್ಲ. ಸಾಮಾನ್ಯ ಮೀಟರಿಗೆ ಇಷ್ಟು ಸಣ್ಣ ರೆಸಿಸ್ಟೆನ್ಸ್ ಕಾಣುವುದೇ ಇಲ್ಲ.

ಹೀಟ್ ಶ್ರಿಂಕ್ ಬೇಕೇ ಬೇಕಾ?

ಹೀಟ್ ಶ್ರಿಂಕ್ ಅಂದರೆ ಬಿಸಿ ಮಾಡಿದಾಗ ಕುಗ್ಗಿ ಜಾಯಿಂಟನ್ನು ಬಿಗಿಯಾಗಿ ಮುಚ್ಚುವ ಸ್ಲೀವ್. ಡ್ಯಾಶ್‌ಬೋರ್ಡ್ ಒಳಗೆ ಇಲ್ಲದಿದ್ದರೂ ನಡೆದೀತು. ಬಂಪರ್ ಹಿಂದೆ, ಚಕ್ರದ ಮೇಲಿನ ಜಾಗದಲ್ಲಿ, ಬಾನೆಟ್ ಕೆಳಗೆ ಬೇಕೇ ಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗಂತೂ ಇದರಲ್ಲಿ ರಾಜಿಯೇ ಬೇಡ. ಕಡಲ ಗಾಳಿಯ ಉಪ್ಪು, ಮೇಲೆ ನಾಲ್ಕು ತಿಂಗಳ ಮಳೆ. ನೀರು ಎಳೆಗಳ ಸಂದಿಯಲ್ಲಿ ಏರಿ ತಾಮ್ರವನ್ನು ಒಳಗೊಳಗೇ ಹಸಿರು, ಕಪ್ಪು ಮಾಡುತ್ತದೆ. ಹೊರಗಿನಿಂದ ವೈರ್ ಹೊಸದರಂತೆಯೇ ಕಾಣುತ್ತದೆ.

ಒಳಗೋಡೆಗೆ ಅಂಟು ಹಚ್ಚಿರುವ ಸ್ಲೀವ್ ಅಂತಲೇ ಕೇಳಿ ತನ್ನಿ. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಒಸರಿದರೆ ಸೀಲ್ ಆಯಿತು ಅಂತ ಅರ್ಥ. ಲೈಟರ್ ಬೇಡ, ಹೀಟ್ ಗನ್ ಬಳಸಿ. ಬೆಂಕಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿಯಾಗಿಯೇ ಬಿಡುತ್ತದೆ. ಹೀಟ್ ಶ್ರಿಂಕ್ ತೋಳಿರುವ ಟರ್ಮಿನಲ್‌ಗಳಿಗೆ ಬೇರೆ ಡೈ ಬೇಕು, ಅಂಚು ನಯವಾಗಿರುವಂಥದ್ದು. ಮಾಮೂಲಿ ಡೈ ತೋಳನ್ನು ತೂತು ಮಾಡಿದರೆ ಆ ಟರ್ಮಿನಲ್‌ಗೆ ಕೊಟ್ಟ ದುಡ್ಡು ದಂಡ.

ಬ್ಯಾಟರಿ ಕೇಬಲ್ ಲಗ್ ಇದೇ ಟೂಲ್‌ನಲ್ಲಿ ಆಗುತ್ತಾ?

ಇಲ್ಲ. 16, 25, 35 ಸ್ಕ್ವೇರ್ ಕೇಬಲ್‌ಗೆ ಆರು ಮೂಲೆಯ ಡೈ ಇರುವ ಹೈಡ್ರಾಲಿಕ್ ಟೂಲ್ ಬೇಕು. ವೈಕ್ಯೂಕೆ-70 ಅನ್ನುವ ಮಾದರಿ 4ರಿಂದ 70 ಸ್ಕ್ವೇರ್ ತನಕ ಒತ್ತುತ್ತದೆ. ಒಂದು ಕೇಬಲ್‌ಗೋಸ್ಕರ ಅದನ್ನು ಕೊಳ್ಳಬೇಡಿ. ಪ್ಯಾನಲ್ ಬೋರ್ಡ್ ಮಾಡುವವರ ಹತ್ತಿರ ಒಯ್ದರೆ ಒತ್ತಿ ಕೊಡುತ್ತಾರೆ. ಸುತ್ತಿಗೆಯಲ್ಲಿ ಬಡಿದ ಲಗ್ ಮಾತ್ರ ಹಾಕಬೇಡಿ. ಸ್ಟಾರ್ಟರ್ ತಿರುಗುವಾಗ ಆ ಕೇಬಲ್‌ನಲ್ಲಿ ನೂರಾರು ಆಂಪ್ಸ್ ಹರಿಯುತ್ತದೆ.

ವೈರ್ ಕತ್ತರಿಸದೆ ಮೇಲಿನಿಂದ ಕಚ್ಚಿಸುವ ಟ್ಯಾಪ್ ಕ್ಲಿಪ್ ಬಳಸಬಹುದಾ?

ಅದು ಇನ್ಸುಲೇಷನ್ ಸೀಳಿ ಎಳೆಗಳ ನಡುವೆ ಬ್ಲೇಡ್ ಇಳಿಸುತ್ತದೆ. ಅಳತೆ ಸ್ವಲ್ಪ ತಪ್ಪಿದರೆ ಎಳೆ ತುಂಡಾಗುತ್ತದೆ, ನೀರಿಗೂ ದಾರಿಯಾಗುತ್ತದೆ. ಫ್ಯೂಸ್ ಬಾಕ್ಸಿನಲ್ಲಿ ಕೂರುವ ಫ್ಯೂಸ್ ಟ್ಯಾಪ್ ಹಾಕಿ, ಅಥವಾ ಕಪ್ಲರ್‌ಗೆ ಕಪ್ಲರ್ ಸೇರಿಸುವ ರೆಡಿ ರಿಲೇ ಕಿಟ್ ತನ್ನಿ. ಬ್ಯಾಟರಿಯಿಂದ ನೇರ ಲೈನ್ ತೆಗೆದರೆ ಒಂದು ಗೇಣಿನೊಳಗೆ ಫ್ಯೂಸ್ ಇರಲಿ.

ಮನೆ ವೈರಿಂಗಿನಲ್ಲಿ ಉಳಿದ ವೈರ್ ಇದೆ, ಅದನ್ನೇ ಹಾಕಲಾ?

ಬೇಡ. ಮಾಮೂಲಿ ಮನೆ ವೈರಿನ ಪಿವಿಸಿ 70 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ಎಂಜಿನ್ ಕೋಣೆಗೆ ಬಳಸುವ ಆಟೋ ವೈರ್‌ಗಳು 100 ಡಿಗ್ರಿ ದಾಟಿದರೂ ತಡೆಯುತ್ತವೆ, ಎಣ್ಣೆ ತಾಗಿದರೂ ಬೇಗ ಹಾಳಾಗುವುದಿಲ್ಲ. ಮನೆ ವೈರಿನ ದಪ್ಪ ಇನ್ಸುಲೇಷನ್ ಟರ್ಮಿನಲ್‌ನ ಹಿಂದಿನ ರೆಕ್ಕೆಯೊಳಗೆ ಕೂರುವುದೂ ಇಲ್ಲ. ಅಗ್ಗದ ಸ್ಪೀಕರ್ ವೈರಿನಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಬಿಳಿ ಕಂಡರೆ ಲೈಟಿನ ಲೈನಿಗೆ ಅದನ್ನು ಹಾಕಬೇಡಿ.

ಮುಟ್ಟಲೇಬಾರದ ವೈರ್ ಯಾವುದು?

ಹಳದಿ ಕಪ್ಲರ್, ಹಳದಿ ಸ್ಲೀವ್ ಇರುವುದು ಏರ್‌ಬ್ಯಾಗಿನದು. ಅದರಿಂದ ಲೈನ್ ತೆಗೆಯುವುದಾಗಲಿ, ಮೀಟರ್ ಇಟ್ಟು ನೋಡುವುದಾಗಲಿ ಬೇಡ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಉಳಿದ ಯಾವ ಕೆಲಸಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಟೂಲ್ ಎಲ್ಲಿ ಕೊಳ್ಳುವುದು?

ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಟೂಲ್, ಸ್ಲೀವ್, ಟರ್ಮಿನಲ್ ಸಿಗುತ್ತವೆ. ಕಾರಿನ ಕಪ್ಲರ್, ರಿಲೇ ಸಾಕೆಟ್, ಆಟೋ ವೈರ್‌ಗೆ ಜೆ.ಸಿ. ರೋಡ್. ಬೇರೆ ಊರಿನಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಯವರನ್ನು ಕೇಳಿ, ಟರ್ಮಿನಲ್‌ಗಳು ಅವರ ಹತ್ತಿರವೇ ಇರುತ್ತವೆ.

ಹೋಗುವಾಗ ನೀವು ಬಳಸುವ ವೈರಿನ ಒಂದು ಮೊಳದ ತುಂಡು, ನಾಲ್ಕು ಟರ್ಮಿನಲ್ ಜೇಬಿನಲ್ಲಿರಲಿ. ಕೌಂಟರಿನ ಮೇಲೇ ಒಂದು ಕ್ರಿಂಪ್ ಮಾಡಿ, ಎಳೆದು ನೋಡಿ. ಇನ್ನೊಂದು ಮಾಡಿ, ಕಟಿಂಗ್ ಪ್ಲೈಯರಿನಲ್ಲಿ ನಡುವೆ ಕತ್ತರಿಸಿ. ಎಳೆಗಳು ಒಂದಕ್ಕೊಂದು ಒತ್ತಿಕೊಂಡು ನಡುವೆ ಸಂದಿಯೇ ಕಾಣದಿದ್ದರೆ ದುಡ್ಡು ಕೊಟ್ಟು ತಗೊಳ್ಳಿ. ಸಂದಿ ಕಂಡರೆ ಬಿಗಿಯ ಚಕ್ರ ಒಂದು ಹಲ್ಲು ತಿರುಗಿಸಿ ಮತ್ತೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಮುಂದಿನ ಅಂಗಡಿ.